ಇಂಟರ್ವಲ್‌ಗೆ ಮುಂಚೆ ಸಾಯುವವರು

ನನ್ನ ಸೋದರಮಾವ ಇದುವರೆಗೆ 11 ಸಲ ಸತ್ತಿದ್ದಾರೆ. ಎರಡು ಸಲ ಬಾವಿಗೆ ಬಿದ್ದು, ಮೂರು ಸಲ ಕತ್ತು ಮುರಿಸಿಕೊಂಡು, ಒಂದು ಸಲ ಹುಣಸೆಮರದಲ್ಲಿ ತಲೆಕೆಳಗಾಗಿ ನೇತಾಡಿ. ಉಳಿದ ಐದು ಸಾವು ಯಾರಿಗೂ ಕಾಣಿಸಲೇ ಇಲ್ಲ. ಮಾವ ಕತ್ತಲೆಯೊಳಗೆ ಹೋದರು, ಒಂದು ಕಿರುಚಾಟ ಕೇಳಿಸಿತು, ಅವರ ಕೈಲಿದ್ದ ಟಾರ್ಚ್ ಉರುಳಿಕೊಂಡು ಆಚೆ ಬಂತು, ಅಷ್ಟೇ. 11ಕ್ಕೆ 11 ಸಾವೂ ಇಂಟರ್ವಲ್‌ಗೆ ಮುಂಚೆಯೇ.

ಮಾವನ ಊರು ಮಂಡ್ಯದ ಹತ್ತಿರ. ಕಬ್ಬು ಕಡಿಯುವ ಕಾಲದಲ್ಲಿ ಆಲೆಮನೆಯ ಲೆಕ್ಕ ಬರೆಯುತ್ತಾರೆ. ಮಿಕ್ಕ ಕಾಲದಲ್ಲಿ, ಯಾರಾದರೂ ಕರೆದರೆ, ಕಡಿಮೆ ಬಜೆಟ್ಟಿನ ದೆವ್ವದ ಸಿನಿಮಾಗಳಲ್ಲಿ ವಾಚ್‌ಮನ್ ಆಗುತ್ತಾರೆ, ತೋಟದ ಮಾಲಿ ಆಗುತ್ತಾರೆ, ಮಾಂತ್ರಿಕನ ಶಿಷ್ಯ ಆಗುತ್ತಾರೆ. ಶೂಟಿಂಗ್ ಮೈಸೂರಿನಲ್ಲಿದ್ದರೆ ರಾತ್ರಿ ಮಲಗುವುದು ನಮ್ಮ ಮನೆಯಲ್ಲೇ. ಹಾಗಾಗಿ ಈ ಕೆಲಸದ ಒಳಗುಟ್ಟು ನನಗೂ ಸ್ವಲ್ಪ ಗೊತ್ತು. ಸಿನಿಮಾದವರು ಇಂಥವರನ್ನು ಪೋಷಕ ನಟ, ಕ್ಯಾರೆಕ್ಟರ್ ಆರ್ಟಿಸ್ಟ್ ಅನ್ನುತ್ತಾರೆ. ಹೀರೊ ಅಲ್ಲ. ಗುಂಪಿನಲ್ಲಿ ನಿಲ್ಲುವ ಜೂನಿಯರ್ ಆರ್ಟಿಸ್ಟೂ ಅಲ್ಲ. ಒಂದು ಹೆಸರು, ನಾಲ್ಕು ಮಾತು, ಒಂದು ಸಾವು.

"ಯಾಕೆ ಮಾವ, ಒಂದು ಸಿನಿಮಾದಲ್ಲಾದ್ರೂ ಕೊನೆವರೆಗೆ ಬದುಕಿರಬಾರದಾ?" ಅಂತ ಒಮ್ಮೆ ಕೇಳಿದೆ.

"ದಿನದ ಲೆಕ್ಕ ಕಣ್ಲಾ ಅಳಿಯ," ಅಂದರು.

ಈ ಲೆಕ್ಕ ಅರ್ಥವಾದರೆ ದೆವ್ವದ ಸಿನಿಮಾ ಅರ್ಧ ಅರ್ಥವಾದ ಹಾಗೆ. ಸಣ್ಣ ಸಿನಿಮಾಕ್ಕೆ ದೊಡ್ಡ ಖರ್ಚು ಅಂದರೆ ದಿನಗಳು. ಶೂಟಿಂಗ್ ಒಂದು ದಿನ ಜಾಸ್ತಿ ಆದರೆ ಕ್ಯಾಮೆರಾ ಬಾಡಿಗೆ, ಲೈಟು, ಜನರೇಟರ್, ಗಾಡಿ, ಊಟ, ಎಲ್ಲರ ಬಾಟಾ, ಅಂದರೆ ದಿನದ ಭತ್ಯೆ, ಮತ್ತೆ ಒಂದು ದಿನದ್ದು ಬೀಳುತ್ತದೆ. ಅದಕ್ಕೇ ದುಡ್ಡಿಲ್ಲದ ನಿರ್ಮಾಪಕರಿಗೆ ದೆವ್ವದ ಕಥೆ ಇಷ್ಟ. ಒಂದು ಹಳೇ ಬಂಗಲೆ ಸಿಕ್ಕರೆ ಊರೂರು ಸುತ್ತಬೇಕಿಲ್ಲ. ಹಾಡಿಗೆ ಇಪ್ಪತ್ತು ಜನ ಕುಣಿಯುವವರು ಬೇಡ. ಗೋಡೆಗೆ ಬಣ್ಣ ಹೊಡೆಸಬೇಕಿಲ್ಲ, ಹೊಡೆಸಿದ್ದರೇ ಕಷ್ಟ. ಇರದ ಸೆಟ್ಟನ್ನು ಕತ್ತಲೆ ಮುಚ್ಚಿಕೊಳ್ಳುತ್ತದೆ. ಮೈಸೂರಿನಲ್ಲಿ ಇಂಥ ಬಂಗಲೆಗಳಿಗೆ ಕೊರತೆ ಇರಲಿಲ್ಲ. ಈಗ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ, ದೆವ್ವಗಳಿಗೂ ಬಾಡಿಗೆ ಮನೆ ಸಿಗುವುದು ಕಷ್ಟವಾಗಿದೆ.

ಪೋಷಕ ನಟನಿಗೂ ದಿನದ ಲೆಕ್ಕದಲ್ಲೇ ದುಡ್ಡು. ಅವನು ಕೊನೆಯ ರೀಲಿನವರೆಗೆ ಬದುಕಿದ್ದರೆ ಹೀರೊ, ಹೀರೋಯಿನ್, ಮಾಂತ್ರಿಕ ಎಲ್ಲರೂ ಇರುವ ದೃಶ್ಯಕ್ಕೆಲ್ಲ ಅವನನ್ನೂ ಕರೆಸಬೇಕು. ಇಂಥ ಜೊತೆ ದೃಶ್ಯಕ್ಕೆ ಸಿನಿಮಾದವರು 'ಕಾಂಬಿನೇಷನ್' ಅನ್ನುತ್ತಾರೆ. ಕಾಂಬಿನೇಷನ್ ಜಾಸ್ತಿ ಆದಷ್ಟೂ ಎಲ್ಲರ ಡೇಟ್ ಹೊಂದಿಸುವ ತಲೆನೋವು ಜಾಸ್ತಿ. ಅವನು ಬೇಗ ಸತ್ತರೆ ಮೂರು ದಿನದಲ್ಲಿ ಅವನ ಕೆಲಸ ಮುಗಿಯಿತು, ಲೆಕ್ಕ ಚುಕ್ತಾ. ನಾವು ಥಿಯೇಟರಿನಲ್ಲಿ ಕೂತು "ಅಯ್ಯೋ ಪಾಪ, ಒಳ್ಳೇ ಮನುಷ್ಯ, ಅವನನ್ನೇ ದೆವ್ವ ಮೊದಲು ಹಿಡೀತಲ್ಲ" ಅಂದುಕೊಳ್ಳುತ್ತೇವೆ. ಹಿಡಿದದ್ದು ಪ್ರೊಡಕ್ಷನ್ ಮ್ಯಾನೇಜರ್!

ಇದು ನಮ್ಮೂರಿನ ಕಂಜೂಸುತನ ಮಾತ್ರ ಅಲ್ಲ. ಹಿಂದಿಯಲ್ಲಿ ದೆವ್ವದ ಸಿನಿಮಾ ಅಂದರೆ ರಾಮ್ಸೆ ಸಹೋದರರು ಅನ್ನುವ ಕಾಲ ಒಂದಿತ್ತು. ಅವರ ತಂದೆ ಎಫ್.ಯು. ರಾಮ್ಸೆ 1970ರಲ್ಲಿ ತೆಗೆದ ಸಿನಿಮಾ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಹೋಗುವ ಒಂದು ದೃಶ್ಯ ಬಂದಾಗ ಮಾತ್ರ ಜನ ಸೀಟಿನ ತುದಿಗೆ ಬರುತ್ತಿದ್ದರು. ಮಕ್ಕಳು ಅದನ್ನು ಥಿಯೇಟರಿನಲ್ಲೇ ಕೂತು ಗಮನಿಸಿದರು. ಇಡೀ ಸಿನಿಮಾ ಬೇಡ, ಆ ದೃಶ್ಯವೇ ಸಾಕು ಅನ್ನಿಸಿತು. 1972ರಲ್ಲಿ ಅವರ ಮೊದಲ ದೆವ್ವದ ಸಿನಿಮಾ ಬಂತು. ಮಹಾಬಲೇಶ್ವರದ ಗೆಸ್ಟ್‌ಹೌಸಿನಲ್ಲಿ ಇಡೀ ಕುಟುಂಬ ಬೀಡುಬಿಟ್ಟಿತು. ಒಬ್ಬ ಅಣ್ಣ ಕ್ಯಾಮೆರಾ, ಒಬ್ಬ ಸೌಂಡು, ಒಬ್ಬ ಎಡಿಟಿಂಗ್, ಒಬ್ಬ ಕಥೆ, ಇಬ್ಬರು ನಿರ್ದೇಶನ. ಮನೆಮಂದಿಯೇ ಯೂನಿಟ್. ಆಲೆಮನೆ ನಡೆಸುವವರೂ ಹೀಗೇ ಅಲ್ವಾ? ಗಾಣಕ್ಕೆ ಒಬ್ಬ, ಕೊಪ್ಪರಿಗೆಗೆ ಒಬ್ಬ, ಒಲೆಗೆ ಒಬ್ಬ.

ಇನ್ನು ನಟನೆಗೆ ಬರುತ್ತೇನೆ. ಈ ವಿಷಯದಲ್ಲಿ ಜನ ಸಾಮಾನ್ಯವಾಗಿ ಒಂದು ತಪ್ಪು ತಿಳಿದುಕೊಂಡಿರುತ್ತಾರೆ. ದೆವ್ವದ ಸಿನಿಮಾದಲ್ಲಿ ಹೆದರಿಸುವುದು ದೆವ್ವ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸಣ್ಣ ಬಜೆಟ್ಟಿನಲ್ಲಿ ದೆವ್ವವನ್ನು ತೋರಿಸುವ ಹಾಗೇ ಇಲ್ಲ. ತೋರಿಸಿದರೆ ಮಾಸ್ಕಿನ ಅಂಟು ಕಾಣಿಸುತ್ತದೆ, ವಿಗ್ಗಿನ ಅಂಚು ಕಾಣಿಸುತ್ತದೆ, ಜನ ನಗುತ್ತಾರೆ. ಗ್ರಾಫಿಕ್ಸ್ ಮಾಡಿಸೋಣ ಅಂದರೆ ಒಳ್ಳೇದಕ್ಕೆ ದುಡ್ಡಿಲ್ಲ, ಕೆಟ್ಟದ್ದು ಮಾಸ್ಕಿಗಿಂತ ಕಡೆ. ಹಾಗಾಗಿ ದೆವ್ವವನ್ನು ಮರೆಯಲ್ಲೇ ಇಟ್ಟು, ಅದನ್ನು ಕಂಡವನ ಮುಖ ತೋರಿಸುತ್ತಾರೆ. ನಾವು ಹೆದರುವುದು ಆ ಮುಖ ನೋಡಿ.

ಚಿಕ್ಕವನಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿದ್ದು ನೆನಪಿದೆ. ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕರೆಯುವ ದೆವ್ವಕ್ಕೆ ಹೇಳಿದ ಮಾತು ಅದು. ದೆವ್ವವನ್ನು ಯಾರೂ ಕಂಡಿರಲಿಲ್ಲ. ನಮ್ಮಜ್ಜಿ ಸೀಮೆಸುಣ್ಣ ಹಿಡಿದುಕೊಂಡು ಬರೆಯುವಾಗ ಅವರ ಕೈ ಸ್ವಲ್ಪ ನಡುಗುತ್ತಿತ್ತಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಮೂರು ರಾತ್ರಿ ನಿದ್ದೆ ಬರಲಿಲ್ಲ.

ಸಿನಿಮಾದಲ್ಲಿ ಆ ನಡುಗುವ ಕೈ ಪೋಷಕ ನಟನದ್ದು. "ಬ್ಯಾಡಿ ಬುದ್ಧಿ, ಕತ್ಲಾದ್ಮೇಲೆ ಅತ್ಲಾಗ್ ಮಾತ್ರ ಓಗ್ಬ್ಯಾಡಿ" ಅಂತ ಊರ ಮುದುಕ ಹೇಳುವ ಒಂದು ಮಾತು ಇಲ್ಲದೇ ನಮ್ಮ ಕಡೆಯ ದೆವ್ವದ ಸಿನಿಮಾ ಶುರುವಾಗುವುದೇ ಇಲ್ಲ. ಆ ಮಾತು ನಂಬುವ ಹಾಗೆ ಬಂದರೆ ಮುಂದಿನ ಅರ್ಧ ಗಂಟೆ ಬರೀ ಬಾಗಿಲು ತೋರಿಸಿದರೂ ಜನ ಕೂತಿರುತ್ತಾರೆ. ಬರದಿದ್ದರೆ ಹತ್ತು ದೆವ್ವ ಕುಣಿದರೂ ಪಾಪ್‌ಕಾರ್ನ್ ತಿನ್ನುತ್ತಿರುತ್ತಾರೆ.

ಹೀರೊನೇ ಈ ಕೆಲಸ ಮಾಡಿದ್ದೂ ಉಂಟು. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ದೆವ್ವ ಹೊಕ್ಕುವುದು ಅನಂತನಾಗ್ ಅವರ ಪಾತ್ರದೊಳಗೆ. 2004ರ 'ಆಪ್ತಮಿತ್ರ'ದಲ್ಲಿ ಸೌಂದರ್ಯ ಅವರ ಪಾತ್ರ ನಾಗವಲ್ಲಿಯಾಗುತ್ತದೆ. ಎರಡರಲ್ಲೂ ದೆವ್ವಕ್ಕೆ ಬೇರೆ ಮೈಯಿಲ್ಲ, ನಟರ ಕಣ್ಣು, ಕತ್ತು, ದನಿಯೇ ಅದರ ಮೈ. ಅಂಥ ನಟರು ಸಿಕ್ಕರೆ ಮಾಸ್ಕಿನ ಖರ್ಚು ಉಳಿಯಿತು. ಆದರೆ ಅಂಥವರಿಗೆ ಕೊಡುವಷ್ಟು ದುಡ್ಡು ಸಣ್ಣ ಸಿನಿಮಾದವರ ಹತ್ತಿರ ಎಲ್ಲಿರುತ್ತದೆ?

ಒಂದು ಸಲ ಮಾವನ ಜೊತೆ ಶೂಟಿಂಗ್‌ಗೆ ಹೋಗಿದ್ದೆ. ಬಂಗಲೆಯ ಹಿಂದೆ ಪಾಳುಬಿದ್ದ ತೋಟ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲೇ ರಾತ್ರಿಯ ದೃಶ್ಯ ತೆಗೆಯುತ್ತಿದ್ದರು. ಕ್ಯಾಮೆರಾಗೆ ಹೋಗುವ ಬೆಳಕು ತಗ್ಗಿಸಿ, ಆಮೇಲೆ ಬಣ್ಣ ನೀಲಿಗೆ ತಿರುಗಿಸಿದರೆ ಬಿಸಿಲೇ ಬೆಳದಿಂಗಳಾಗುತ್ತದೆ. ಇದು ಹಳೇ ಉಪಾಯ, ಆಕಾಶ ಫ್ರೇಮಿಗೆ ಬರಬಾರದು ಅಷ್ಟೇ. ರಾತ್ರಿ ಶೂಟಿಂಗ್ ಅಂದರೆ ಬಾಟಾ ಜಾಸ್ತಿ, ಡೀಸೆಲ್ ಜಾಸ್ತಿ. ಮಾವ ಕಂಬಳಿ ಹೊದ್ದು, ಬೆವರುತ್ತಾ, ಚಳಿಯಲ್ಲಿ ನಡುಗುತ್ತಿದ್ದರು.

ಅವರೆದುರು ದೆವ್ವ ಇರಲಿಲ್ಲ. ಒಬ್ಬ ಅಸಿಸ್ಟೆಂಟ್ ಹುಡುಗ ಬಿದಿರು ಕೋಲಿನ ತುದಿಗೆ ಕೆಂಪು ಟವೆಲ್ ಕಟ್ಟಿಕೊಂಡು ನಿಂತಿದ್ದ. ಅದೇ ದೆವ್ವ. ನಟ ಎಲ್ಲಿ ನೋಡಬೇಕು ಅನ್ನುವುದಕ್ಕೆ 'ಲುಕ್' ಅನ್ನುತ್ತಾರೆ, ಆ ಟವೆಲ್ ಲುಕ್ಕಿಗೆ. ಕ್ಯಾಮೆರಾಕ್ಕೆ ತೀರಾ ಹತ್ತಿರ ನೋಡಿದರೆ ನೋಡುಗರನ್ನೇ ನೋಡಿದ ಹಾಗಾಗುತ್ತದೆ. ದೂರ ನೋಡಿದರೆ ಕಣ್ಣಿನ ಬಿಳಿ ಮಾತ್ರ ಕಾಣಿಸುತ್ತದೆ. ಆ ಹುಡುಗ ಕೋಲನ್ನು ಮೆಲ್ಲಗೆ ಮೇಲೆತ್ತುತ್ತಾ ಹೋದ. ಏಳು ಅಡಿ, ಎಂಟು ಅಡಿ. ಮಾವನ ಕಣ್ಣು ಅದರ ಜೊತೆ ಮೇಲಕ್ಕೆ ಹೋಯಿತು. ಆಮೇಲೆ ಒಂದು ಚಿಕ್ಕ ಕೆಲಸ ಮಾಡಿದರು. ಬಾಯಿ ತೆರೆದರು, ಕಿರುಚಲಿಲ್ಲ. ಒಂದು ಹೆಜ್ಜೆ ಹಿಂದೆ ಇಡುವ ಬದಲು, ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡರು, ಮಕ್ಕಳು ಹೊದಿಕೆ ಎಳೆದುಕೊಳ್ಳುತ್ತಾರಲ್ಲ ಹಾಗೆ. ಹಾಡುಹಗಲು. ನಾನು ಟವೆಲ್ ಕಣ್ಣಾರೆ ನೋಡುತ್ತಾ ನಿಂತಿದ್ದೆ. ಆದರೂ ಬೆನ್ನು ಜುಮ್ಮೆಂದಿತು.

"ದೆವ್ವ ಆಗೋದು ಸುಲ್ಬ ಕಣ್ಲಾ. ದೆವ್ವ ಕಂಡೋನ್ ಆಗೋದೇ ಕಷ್ಟ," ಅಂದರು ಆಮೇಲೆ, ಟೀ ಕುಡಿಯುವಾಗ.

ಕಷ್ಟ ಯಾಕೆ ಅಂದರೆ, ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಬಾವಿಯ ಹತ್ತಿರದ್ದೆಲ್ಲ ಒಂದು ದಿನ, ಅಡುಗೆಮನೆಯದ್ದೆಲ್ಲ ಇನ್ನೊಂದು ದಿನ. ಮಾವ ಸೋಮವಾರ ಬೆಳಗ್ಗೆ ಸತ್ತು, ಮಂಗಳವಾರ ದೆವ್ವ ಕಂಡು, ಬುಧವಾರ ಮೊದಲ ಸಲ ಬಂಗಲೆಗೆ ಬಂದು ಗೇಟು ತೆಗೆಯುತ್ತಾರೆ. ಯಾವ ದೃಶ್ಯದಲ್ಲಿ ಎಷ್ಟು ಹೆದರಿರಬೇಕು? ಬುಧವಾರದ ಗೇಟಿನಲ್ಲಿ ಜಾಸ್ತಿ ಹೆದರಿಬಿಟ್ಟರೆ ಸೋಮವಾರದ ಸಾವು ಸಪ್ಪೆಯಾಗುತ್ತದೆ. ಅದಕ್ಕೆ ಮಾವ ಒಂದು ಪುಸ್ತಕ ಇಟ್ಟಿದ್ದಾರೆ. ಆಲೆಮನೆಯ ಲೆಕ್ಕದ ಪುಸ್ತಕದ ಹಾಗೇ, ಕೆಂಪು ಗೆರೆ ಎಳೆದದ್ದು. ಎಡಗಡೆ ದೃಶ್ಯದ ನಂಬರ್, ಬಲಗಡೆ ಭಯ. ಗೇಟು: ಎರಡಾಣೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದಾಗ: ನಾಲ್ಕಾಣೆ. ಹೀರೊಗೆ ಬುದ್ಧಿ ಹೇಳುವಾಗ: ಆರಾಣೆ, 'ಆದರೆ ಬಚ್ಚಿಡಬೇಕು' ಅಂತ ಪಕ್ಕದಲ್ಲಿ ಬರೆದಿದ್ದಾರೆ. ಬಾವಿ: ಹದಿನಾರಾಣೆ. ನಟನೆಯ ಶಾಲೆಗಳಲ್ಲಿ ಇದಕ್ಕೆ ಏನೇನೋ ಹೆಸರಿರಬಹುದು. ನನಗೆ ಆಣೆಯ ಲೆಕ್ಕವೇ ಹಿಡಿಸಿತು.

ಹೆಣದ ಪಾರ್ಟೂ ಸುಲಭ ಅಲ್ಲ. ಸುಮ್ನೆ ಮಲಗಿದರೆ ಆಯ್ತು ಅಂದುಕೊಂಡಿರಾ? ಮುಚ್ಚಿದ ರೆಪ್ಪೆ ತಾನಾಗಿಯೇ ಅದುರುತ್ತದೆ. ಅದಕ್ಕೆ ರೆಪ್ಪೆಯ ಹಿಂದೆಯೇ ಕಣ್ಣನ್ನು ಕೆಳಕ್ಕೆ, ಪಾದದ ಕಡೆ ನೋಡುವ ಹಾಗೆ ಇಡಬೇಕಂತೆ. ಉಸಿರನ್ನು ಎದೆಯಿಂದ ತೆಗೆಯಬಾರದು, ಹೊಟ್ಟೆಯ ಕೆಳಗಿನಿಂದ, ಸಣ್ಣಗೆ. ಎದೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರೆ ಅಂತೂ ಒಂದು ಕೂದಲೆಳೆಯಷ್ಟು ಏರಿಳಿತವೂ ಕಾಣಿಸುತ್ತದೆ. 'ಆಕ್ಷನ್' ಅನ್ನುವ ಮುಂಚೆ ಮೂರು ಸಲ ತುಂಬಾ ಉಸಿರು ಎಳೆದು ಬಿಟ್ಟು, ಆಮೇಲೆ ತಡೆಯುವುದು. ಇದರ ಮೇಲೆ ರಕ್ತದ ಕಾಟ ಬೇರೆ. ಸಿನಿಮಾದ ರಕ್ತಕ್ಕೆ ಸಾಮಾನ್ಯವಾಗಿ ಸಕ್ಕರೆ ಪಾಕದಂಥ ಅಂಟು ದ್ರವಕ್ಕೆ ಬಣ್ಣ ಬೆರೆಸುತ್ತಾರೆ. ಕಪ್ಪು ಬಿಳುಪಿನ ಕಾಲದಲ್ಲಿ ಚಾಕೊಲೇಟ್ ಸಿರಪ್ ಸುರಿದದ್ದೂ ಉಂಟು, ಬಣ್ಣ ಹೇಗೂ ಕಾಣುತ್ತಿರಲಿಲ್ಲವಲ್ಲ. ನಮ್ಮವರು ಒಂದು ಸಲ ಖರ್ಚು ಉಳಿಸಲು ಬೆಲ್ಲದ ಪಾಕವನ್ನೇ ಕೆಂಪು ಮಾಡಿದರು. ಬೆಲ್ಲ ತಂದುಕೊಟ್ಟವರು ಮಾವನೇ, ಅವರ ಆಲೆಮನೆಯದ್ದೇ. ಎರಡನೇ ಟೇಕ್ ಹೊತ್ತಿಗೆ ಇರುವೆ ಸಾಲು ತೋಳಿನೊಳಗೆ ಹೊಕ್ಕಿತ್ತು. ಕಟ್ ಅನ್ನುವವರೆಗೆ ಹೆಣ ಅಲುಗಾಡಲಿಲ್ಲ. ಕಟ್ ಅಂದ ಮೇಲೆ ಹೆಣ ಕುಣಿದ ಹಾಗೆ ಯಾವ ದೆವ್ವವೂ ಕುಣಿದಿರಲಿಕ್ಕಿಲ್ಲ.

ಇಷ್ಟೆಲ್ಲ ಎಲ್ಲಿ ಕಲಿತರು? ಮೈಸೂರಿನಲ್ಲಿ ರಂಗಾಯಣ ಇದೆ, ಬಿ.ವಿ. ಕಾರಂತರು ಕಟ್ಟಿದ್ದು. ಮಂಡ್ಯ ರಮೇಶ್ ಅವರ 'ನಟನ' ಇದೆ. ಮಾವ ಎರಡರ ಒಳಗೂ ಕಾಲಿಟ್ಟವರಲ್ಲ. ಅವರ ಶಾಲೆ 'ಕುರುಕ್ಷೇತ್ರ' ನಾಟಕ. ಮಂಡ್ಯ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದರೆ ನಟರೇ ದುಡ್ಡು ಹಾಕಿ ಪಾರ್ಟು ತೆಗೆದುಕೊಳ್ಳುತ್ತಾರೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸಣ್ಣ ಪಾರ್ಟಿಗೆ ಕಡಿಮೆ. ಆ ದುಡ್ಡಿನಲ್ಲೇ ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ. ಮಾವ ವರ್ಷಗಟ್ಟಲೆ ಶಕುನಿ. ರಾತ್ರಿಯಿಡೀ ಮೈಕಿನ ಮುಂದೆ ಹಾಡಿ, ಬೆಳಗ್ಗೆ ಗಂಟಲು ಉಳಿಸಿಕೊಳ್ಳುವುದು ಹೇಗೆ ಅಂತ ಮೇಷ್ಟ್ರು ಹೇಳಿಕೊಟ್ಟದ್ದೇ ಇವತ್ತು ಡಬ್ಬಿಂಗಿಗೆ ಬರುತ್ತದೆ. ಕಿರುಚಾಟವನ್ನು ಗಂಟಲಿನಿಂದ ಎತ್ತಿದರೆ ಎರಡನೇ ಟೇಕಿಗೇ ದನಿ ಒಡೆಯುತ್ತದೆ, ಹೊಟ್ಟೆಯಿಂದ ಎತ್ತಬೇಕು. ಮಾತೆಲ್ಲ ಮುಗಿಸಿ ಕೊನೆಗೆ ಕಿರುಚಬೇಕು. ಮೊದಲೇ ಕಿರುಚಿಸಿದ ಒಬ್ಬ ನಿರ್ದೇಶಕರ ಸಿನಿಮಾದಲ್ಲಿ ಮಾವನ ಮಾತೆಲ್ಲ ನೆಗಡಿ ಬಂದವರ ಹಾಗಿದೆ.

ನಾಟಕದಲ್ಲಿ ದುಡ್ಡು ಕೊಟ್ಟು ಪಾರ್ಟು ಮಾಡಿದವರಿಗೆ ಸಿನಿಮಾದಲ್ಲಿ ದುಡ್ಡು ಕೊಡುತ್ತಾರೆ ಅನ್ನುವುದೇ ಮೊದಮೊದಲು ಆಶ್ಚರ್ಯವಾಗಿತ್ತು. ಅವರ ಚೌಕಾಸಿ ಅಲ್ಲೇ ಕೆಟ್ಟಿತು ಅಂತ ನನ್ನ ಅನಿಸಿಕೆ.

ಮಾಸ್ಕ್ ಹಾಕುವ ನಟರದ್ದು ಬೇರೆ ದಾರಿ. 1931ರಲ್ಲಿ ಹಾಲಿವುಡ್ಡಿನ 'ಫ್ರಾಂಕೆನ್‌ಸ್ಟೈನ್'ನಲ್ಲಿ ರಾಕ್ಷಸನಾದ ಬೋರಿಸ್ ಕಾರ್ಲಾಫ್ ದಿನಾ ಸುಮಾರು ನಾಲ್ಕು ಗಂಟೆ ಮೇಕಪ್ಪಿಗೆ ಕೂರುತ್ತಿದ್ದರು. ಬಾಯಿಯೊಳಗಿನ ಕಟ್ಟಿಸಿದ ಹಲ್ಲು ತೆಗೆದು, ಕೆನ್ನೆ ಗುಳಿ ಬೀಳುವ ಹಾಗೆ ಮಾಡಿಕೊಂಡರು. ಮಾಸ್ಕಿನ ಮೇಲೆ ನಟನೆ ಮಾಡುವುದಕ್ಕಿಂತ ಮಾಸ್ಕಿಗೆ ಮುಖ ಹೊಂದಿಸುವ ಉಪಾಯ ಅದು. ಆದರೆ ಸಿನಿಮಾದ ಆರಂಭದಲ್ಲಿ ಅವರ ಹೆಸರಿರಬೇಕಾದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು! ಗುಟ್ಟು ಕಾಯಲು ಮಾಡಿದ್ದು, ಹೆಸರು ಕೊನೆಯಲ್ಲಿ ಬಂತು. ಆಗ ಅವರಿಗೆ 40 ದಾಟಿತ್ತು, ಅದಕ್ಕೂ ಮುಂಚೆ ಹತ್ತಾರು ಸಣ್ಣ ಪಾತ್ರ ಮಾಡಿ ಮುಗಿಸಿದ್ದರು. ಇದೇ ಕಾರ್ಲಾಫ್ 1933ರಲ್ಲಿ ಅಲ್ಲಿನ ನಟರ ಸಂಘ ಕಟ್ಟಿದವರಲ್ಲಿ ಒಬ್ಬರಾದರು.

ನಮ್ಮಲ್ಲಿ ಅಂಥ ಮುಖ ಅಂದರೆ ಅನಿರುದ್ಧ್ ಅಗರ್‌ವಾಲ್. ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ರಾಮ್ಸೆಯವರ 1984ರ 'ಪುರಾನಾ ಮಂದಿರ್'ನಲ್ಲಿ ಸಾಮ್ರಿ ಅನ್ನುವ ರಾಕ್ಷಸ ಆದವರು. ಅವರ ಎತ್ತರ, ಮುಖದ ಕಟ್ಟು ನೋಡಿದರೇ ಮೇಕಪ್ಪಿನವರ ಅರ್ಧ ಕೆಲಸ ಉಳಿದಿರಬೇಕು. ಸಾಮ್ರಿ ಅಂದರೆ ಆ ಕಾಲದ ಮಕ್ಕಳು ಈಗಲೂ ನೆನಪಿಸಿಕೊಳ್ಳುತ್ತಾರೆ, ನಟನ ಹೆಸರು ಕೇಳಿದರೆ ತಡವರಿಸುತ್ತಾರೆ. 1994ರ 'ಬ್ಯಾಂಡಿಟ್ ಕ್ವೀನ್'ನಲ್ಲಿ ಡಕಾಯಿತ ಬಾಬು ಗುಜ್ಜರ್ ಆಗಿ ಮುಖವಾಡ ಇಲ್ಲದೇ ನಟಿಸಿದ್ದನ್ನು ನೋಡಿದರೆ, ಮಾಸ್ಕ್ ಏನೆಲ್ಲ ಮುಚ್ಚಿಟ್ಟಿತ್ತು ಅಂತ ಗೊತ್ತಾಗುತ್ತದೆ.

ಒಂದೇ ಥರದ ಪಾತ್ರಕ್ಕೆ ಅಂಟಿಕೊಳ್ಳುವ ಕಷ್ಟಕ್ಕೆ ನನಗೆ ಯಾವಾಗಲೂ ನೆನಪಾಗುವುದು ಡ್ವೈಟ್ ಫ್ರೈ. ಅಮೆರಿಕದ ರಂಗಭೂಮಿಯಲ್ಲಿ ನಗಿಸುವ ಪಾತ್ರಗಳಲ್ಲೂ ಪಳಗಿದ್ದ ನಟ. 1931ರಲ್ಲಿ 'ಡ್ರಾಕುಲಾ' ಸಿನಿಮಾದಲ್ಲಿ ಹುಚ್ಚ ರೆನ್‌ಫೀಲ್ಡ್ ಆದರು, ಅದೇ ವರ್ಷ 'ಫ್ರಾಂಕೆನ್‌ಸ್ಟೈನ್'ನಲ್ಲಿ ಗೂನುಬೆನ್ನಿನ ಸಹಾಯಕ. ಎರಡನ್ನೂ ಎಷ್ಟು ಚೆನ್ನಾಗಿ ಮಾಡಿದರೆಂದರೆ ಆಮೇಲೆ ಬೇರೆ ಪಾತ್ರಕ್ಕೆ ಕರೆಯುವವರೇ ವಿರಳವಾದರು. ಹುಚ್ಚ, ಗೂನ, ಹೆಣ ಕದಿಯುವವ. ಎರಡನೇ ಮಹಾಯುದ್ಧದ ಕಾಲಕ್ಕೆ ವಿಮಾನ ಕಂಪನಿಯೊಂದರಲ್ಲಿ ಉಪಕರಣ ವಿನ್ಯಾಸದ ಕೆಲಸ ಮಾಡುತ್ತಿದ್ದರು. 1943ರಲ್ಲಿ, ಕೊನೆಗೂ ಒಬ್ಬ ಮಂತ್ರಿಯ ಗಂಭೀರ ಪಾತ್ರ ಸಿಕ್ಕಿದ ಹೊತ್ತಿಗೆ, ಬಸ್ಸಿನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. 44 ವರ್ಷ.

ಇದನ್ನು ಮಾವನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೆಲ್ಸ ಅಂತ ಒಂದ್ ಇತ್ತಲ್ಲ ಬುಡು," ಅಂದರು.

ಮಾವನಿಗೂ ಆಲೆಮನೆ ಇಲ್ಲದಿದ್ದರೆ ಕಷ್ಟವೇ. ಸಣ್ಣ ಸಿನಿಮಾದಲ್ಲಿ ಅಡ್ವಾನ್ಸ್ ಅಂತ ಸ್ವಲ್ಪ ಕೈಗೆ ಬರುತ್ತದೆ, ಮಿಕ್ಕದ್ದು ಡಬ್ಬಿಂಗ್ ಆದಮೇಲೆ ಅನ್ನುತ್ತಾರೆ. ಡಬ್ಬಿಂಗ್ ಮುಗಿದಾಗ ರಿಲೀಸ್ ಆಗಲಿ ಅನ್ನುತ್ತಾರೆ. ರಿಲೀಸ್ ಆದ ಶುಕ್ರವಾರದ ನಂತರ ಫೋನ್ ಎತ್ತುವುದಿಲ್ಲ. ಒಂದು ಸಿನಿಮಾದಿಂದ ಅವರಿಗೆ ಇನ್ನೂ ಎರಡು ದಿನದ ದುಡ್ಡು ಬರಬೇಕು, ಆ ಸಿನಿಮಾ ಹಿಂದಿಗೆ ಡಬ್ ಆಗಿ ಯೂಟ್ಯೂಬಿನಲ್ಲಿ ಓಡುತ್ತಿದೆ. ಅದರಲ್ಲಿ ಮಾವನ ಬಾಯಿಂದ ಬೇರೆ ಯಾರದೋ ಹಿಂದಿ ಬರುತ್ತದೆ. ಎಷ್ಟು ಸಲ ಓಡಿದರೂ ಮಾವನಿಗೆ ಏನೂ ಬರುವುದಿಲ್ಲ. ಕೊಟ್ಟದ್ದು ಒಂದೇ ಸಲದ ಸಂಬಳ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ 2012ರ ಕಾಯ್ದೆ ತಿದ್ದುಪಡಿಯಿಂದ ರಾಯಲ್ಟಿಯ ಹಕ್ಕು ಗಟ್ಟಿಯಾಯಿತು. ಕಿರುಚಿದವರಿಗೆ ಅಂಥದ್ದೇನೂ ಕೈಗೆ ಬಂದಿಲ್ಲ.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಮೈಸೂರಿನವರಿಗೆ ಅದನ್ನು ಹೇಳಿಕೊಡಬೇಕಿಲ್ಲ. 1989ರ ಫೆಬ್ರವರಿ 8ರಂದು ಇಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಟಿವಿ ಧಾರಾವಾಹಿಯ ಶೂಟಿಂಗ್ ನಡೆಯುವಾಗ ಬೆಂಕಿ ಬಿತ್ತು. 62 ಜನ ಸತ್ತರು. ದನಿ ಗುಂಯ್‌ಗುಡದಿರಲಿ ಅಂತ ಗೋಡೆಗೆ ಗೋಣಿಚೀಲ ಹೊಡೆದಿದ್ದರು, ಬೆಂಕಿ ಅದಕ್ಕೆ ಹತ್ತಿ ಬೇಗ ಹಬ್ಬಿತು. ಅದು ದೆವ್ವದ ಸಿನಿಮಾ ಅಲ್ಲ, ಬಜೆಟ್ಟೂ ಸಣ್ಣದಲ್ಲ. ಆದರೆ ಸೆಟ್ಟಿನಲ್ಲಿ ಅಪಾಯ ಅನ್ನುವುದು ಏನು, ಅದು ಮೊದಲು ಯಾರ ಹತ್ತಿರ ಬರುತ್ತದೆ ಅಂತ ಊರಿಗೆ ಗೊತ್ತಾದದ್ದು ಆವತ್ತು. ಮಾವ ಇವತ್ತಿಗೂ ಯಾವ ಬಂಗಲೆಗೆ ಹೋದರೂ ಮೊದಲು ಹಿಂದಿನ ಬಾಗಿಲು ತೆರೆಯುತ್ತದಾ ಅಂತ ತಳ್ಳಿ ನೋಡುತ್ತಾರೆ. ದೆವ್ವದ ಸಿನಿಮಾದಲ್ಲಿ ಪಂಜು, ಹೋಮ, ದೀಪ ಇದ್ದೇ ಇರುತ್ತವೆ. ಕಲಾವಿದರ ಕಲ್ಯಾಣಕ್ಕೆ ಅಂತ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಹಾಕುವ ಮಸೂದೆಯನ್ನು ಕರ್ನಾಟಕದ ವಿಧಾನಮಂಡಲ 2024ರಲ್ಲಿ ಒಪ್ಪಿತು. ಮಾವನಿಗೆ ಅದನ್ನು ಓದಿ ಹೇಳಿದೆ. "ನಾನು ಕಲಾವಿದ ಅಂತ ಯಾರು ಬರ್ಕೊಡ್ತಾರ್ಲಾ?" ಅಂದರು. ಅವರ ಹತ್ತಿರ ಇರುವುದು ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋ. ನಾಲ್ಕರಲ್ಲೂ ಹೆಣ.

ಹೋದ ವಾರ ಫೋನ್ ಮಾಡಿದ್ದರು. ಹೊಸ ಸಿನಿಮಾ ಅಂತೆ, ಮೇಲುಕೋಟೆ ಕಡೆ ಶೂಟಿಂಗ್, ಪೂಜಾರಿ ಪಾತ್ರ.

"ಲೇ ಅಳಿಯ, ಈ ಸಲ ಇಂಟರ್ವಲ್ ಆದ್ಮೇಲೂ ಬದುಕಿರ್ತೀನಂತೆ!"

"ಹಾಗಾದ್ರೆ ಎಷ್ಟು ದಿನ ಕೆಲಸ ಮಾವ?"

ಆ ಕಡೆಯಿಂದ ಪುಸ್ತಕದ ಹಾಳೆ ಮಗುಚುವ ಸದ್ದು ಕೇಳಿಸಿತು.

"ಮೂರೇ ದಿನ. ಮಿಕ್ಕಿದ್ದಕ್ಕೆಲ್ಲ ನನ್ ಫೋಟೋ ಗೋಡೆ ಮೇಲ್ ಇರ್ತದಂತೆ."